1937ರ ಮೂರು ಉತ್ತರಗಳು: ಶಿಕ್ಷಕ ತರಬೇತಿ ಮತ್ತು ದೇಹಶ್ರಮದ ಪ್ರೇರಣೆ

ಕನ್ನಡ ನಾಡಿನ ಶಿಕ್ಷಕ ತರಬೇತಿಯ ಚರಿತ್ರೆಯನ್ನು ಬರೆದವರು ಡೆಪ್ಯೂಟಿ ಚನ್ನಬಸಪ್ಪನವರ ಕಾಲದ ಧಾರವಾಡದಿಂದ ಆರಂಭಿಸಿ ಪಠ್ಯಪುಸ್ತಕ, ಬೋಧನ ಕ್ರಮ, ಭಾಷಾಭಿಮಾನ ಇವುಗಳ ಕಡೆಗೇ ಹೆಚ್ಚಿನ ಲಕ್ಷ್ಯ ಕೊಟ್ಟಿದ್ದಾರೆ. ಇದು ಸಹಜವೇ ಆಗಿದೆ. ಮರಾಠಿ ಶಾಲೆಗಳು ನೆಲೆಯೂರಿದ್ದ ಪ್ರದೇಶದಲ್ಲಿ ಕನ್ನಡ ಶಾಲೆಗಳನ್ನು ಕಟ್ಟಬೇಕಾಗಿದ್ದವರಿಗೆ ಭಾಷೆಯೇ ಮೊದಲ ಪ್ರಶ್ನೆಯಾಗಿತ್ತು. ಆದರೆ ತರಬೇತಿಗೆಂದು ಊರು ಬಿಟ್ಟು ಬಂದ ಇಪ್ಪತ್ತರ ಪ್ರಾಯದ ಆ ತರುಣರಿಗೆ ಒಂದು ದೇಹವೂ ಇತ್ತು. ಅದನ್ನು ಅವರು ಹೇಗೆ ಇಟ್ಟುಕೊಂಡರು, ಏತಕ್ಕಾಗಿ ದುಡಿಸಿದರು, ಯಾವಾಗ ಕೈಬಿಟ್ಟರು ಎಂಬುದನ್ನು ಕೇಳಿದವರು ವಿರಳ. ಪ್ರಸ್ತುತ ಲೇಖನದಲ್ಲಿ ಈ ಪ್ರಶ್ನೆಯನ್ನು ನಾವು ಎತ್ತಿಕೊಂಡಿದ್ದೇವೆ. ಇದಕ್ಕೆ ದೊರೆಯುವ ಉತ್ತರಗಳಲ್ಲಿ ಹೆಚ್ಚಿನವು ಇಂದಿನ ಕರ್ನಾಟಕದ ಗಡಿಯಾಚೆಗೆ, ಮದರಾಸು, ಮುಂಬಯಿ, ವಾರ್ಧಾ, ಪುಣೆಗಳಲ್ಲಿ ಇರುವುದರಿಂದ, ಹೊರನಾಡಿನಲ್ಲಿ ಕೆಲಸ ಮಾಡುತ್ತಿರುವ ಸಂಶೋಧಕರಿಗೆ ಇದು ವಿಶೇಷವಾಗಿ ಸಲ್ಲುವ ವಿಷಯವೆಂದು ಭಾವಿಸುತ್ತೇವೆ.

ಆರಂಭದಲ್ಲಿಯೇ ಒಂದು ವ್ಯತ್ಯಾಸವನ್ನು ಸ್ಪಷ್ಟಪಡಿಸಿಕೊಳ್ಳಬೇಕು. ತರಬೇತಿಯ ಅವಧಿಯಲ್ಲಿ ವ್ಯಾಯಾಮ ಮಾಡುವುದು ಬೇರೆ, ಚಟುವಟಿಕೆಯಿಂದ ಇರುವುದನ್ನು ಬದುಕಿನ ರೂಢಿಯಾಗಿ ಉಳಿಸಿಕೊಳ್ಳುವುದು ಬೇರೆ. ಮೊದಲನೆಯದಕ್ಕೆ ವೇಳಾಪತ್ರಿಕೆ ಸಾಕು, ಎರಡನೆಯದಕ್ಕೆ ಸಾಲದು. ಅಮೆರಿಕದ ಮನಶ್ಶಾಸ್ತ್ರಜ್ಞರಾದ ಎಡ್ವರ್ಡ್ ಡೆಸಿ ಮತ್ತು ರಿಚರ್ಡ್ ರಯಾನ್ ಅವರು 1985ರಲ್ಲಿ ಪ್ರಕಟಿಸಿದ ಗ್ರಂಥದಿಂದ ಪ್ರಸಿದ್ಧವಾದ ವಿಚಾರವೊಂದು ಇಲ್ಲಿ ಉಪಯುಕ್ತ. ಹೊರಗಿನ ಒತ್ತಾಯ ಅಥವಾ ಬಹುಮಾನದಿಂದ ನಡೆಯುವ ಕೆಲಸ ಅವು ಇರುವವರೆಗೆ ಮಾತ್ರ ನಡೆಯುವ ಸಂಭವ ಹೆಚ್ಚು. ತಾನೇ ಆರಿಸಿಕೊಂಡೆನೆಂಬ ಭಾವ, ತನಗೆ ಇದು ಬರುತ್ತದೆಂಬ ಭರವಸೆ, ಜೊತೆಯವರೊಡನೆ ನಂಟು, ಈ ಮೂರು ಕೂಡಿದಾಗ ಪ್ರೇರಣೆ ಒಳಗಿನದಾಗುತ್ತದೆ. ಮಾತು ಹೊಸದಾಗಿರಬಹುದು. ಗರಡಿಮನೆಯ ಉಸ್ತಾದನಿಗೆ ಇದು ಹೊಸದಾಗಿ ಕೇಳುತ್ತಿರಲಿಲ್ಲ.

ಗರಡಿಯ ಮಾತು ಬಂದುದರಿಂದ ಅಲ್ಲಿಂದಲೇ ಹೊರಡೋಣ. ಹತ್ತೊಂಬತ್ತನೆಯ ಶತಮಾನದ ನಮ್ಮ ಊರುಗಳಲ್ಲಿ ದಂಡ, ಬಸ್ಕಿ, ಮಲ್ಲಕಂಬ, ಕುಸ್ತಿ ಇವು ಗರಡಿಗೆ ಸೇರಿದವು. ಅಕ್ಷರ, ಮಗ್ಗಿ, ಜೈಮಿನಿ ಭಾರತ ಇವು ಮಠಕ್ಕೆ, ಗಾಂವಟಿ ಶಾಲೆಗೆ ಸೇರಿದವು. ಎರಡಕ್ಕೂ ಗುರುಗಳಿದ್ದರು. ಅವರು ಒಬ್ಬರೇ ಆಗಿರುವುದು ಅಪರೂಪ. ಸರಕಾರಿ ಶಾಲೆಯ ಮಾಸ್ತರಿಕೆ ಬಂದ ಮೇಲೆ ಈ ಒಡಕು ಇನ್ನೂ ಅಗಲವಾಯಿತು. ಮಾಸ್ತರರಾಗುವುದೆಂದರೆ ನೇಗಿಲು, ಗುದ್ದಲಿಗಳಿಂದ ಪಾರಾಗುವುದು, ಕುರ್ಚಿಯ ಮೇಲೆ ಕೂಡುವುದು. ತರಬೇತಿ ಪಡೆದ ಮಾಸ್ತರರಿಗೆ ಸಂಬಳ ಹೆಚ್ಚು. ಆ ಸಂಬಳದ ಹಿಂದಿದ್ದ ಆಸೆಯಲ್ಲಿ ಮೈಮುರಿಯದೆ ಬದುಕುವ ಆಸೆಯೂ ಒಂದು. ಇದನ್ನು ಕೀಳಾಗಿ ಕಾಣಬೇಕಾದುದಿಲ್ಲ. ತಲೆತಲಾಂತರದಿಂದ ಮೈಮುರಿದವರ ಮಕ್ಕಳು ಅದನ್ನು ಬಯಸಿದರೆ ನ್ಯಾಯವೇ ಸರಿ.

1882ರ ಹಂಟರ್ ಆಯೋಗವು ದೇಶೀ ಆಟಗಳು, ಅಂಗಸಾಧನೆ, ಶಾಲಾ ಕವಾಯತು ಇವುಗಳಿಗೆ ಪ್ರೋತ್ಸಾಹ ಕೊಡಬೇಕೆಂದು ಶಿಫಾರಸು ಮಾಡಿತು. ಮೂರರಲ್ಲಿ ಸುಲಭವಾಗಿ ಶಾಲೆಯೊಳಗೆ ಬಂದುದು ಕವಾಯತು. ಅದಕ್ಕೆ ಸಾಮಗ್ರಿ ಬೇಡ, ಸೈನ್ಯದಿಂದ ನಿವೃತ್ತನಾದ ಹವಾಲ್ದಾರನೊಬ್ಬ ಸಾಕು, ತಪಾಸಣೆಗೆ ಬಂದ ಅಧಿಕಾರಿಗೆ ಸಾಲಾಗಿ ನಿಲ್ಲಿಸಿ ತೋರಿಸಲೂ ಅನುಕೂಲ. ಡ್ರಿಲ್ ಮಾಸ್ತರ ಎಂಬ ಮಾತಿನಲ್ಲಿ ಇಂದಿಗೂ ಉಳಿದಿರುವ ಸಣ್ಣ ತಾತ್ಸಾರಕ್ಕೆ ಮೂಲ ಇಲ್ಲಿದೆ ಎಂದು ನಮಗೆ ತೋರುತ್ತದೆ. ಇಂಥ ಕವಾಯತಿನಲ್ಲಿ ಆಯ್ಕೆಗೆ ಎಡೆಯಿಲ್ಲ; ಆಜ್ಞೆ ನಿಂತೊಡನೆ ಕಾಲೂ ನಿಲ್ಲುತ್ತದೆ.

ಈ ಸ್ಥಿತಿಯಿಂದ ಬೇರೊಂದು ದಾರಿಯನ್ನು ತೆರೆದ ಸ್ಥಳ ಮದರಾಸು. ಪೆನ್ಸಿಲ್ವೇನಿಯದವರಾದ ಹ್ಯಾರಿ ಕ್ರೋ ಬಕ್ ಅವರು ಸ್ಪ್ರಿಂಗ್‌ಫೀಲ್ಡ್ ಕಾಲೇಜಿನಲ್ಲಿ ಕಲಿತು ಭಾರತಕ್ಕೆ ಬಂದು, 1920ರಲ್ಲಿ ವೈ.ಎಂ.ಸಿ.ಎ. ಆಶ್ರಯದಲ್ಲಿ ದೈಹಿಕ ಶಿಕ್ಷಣದ ಶಾಲೆಯನ್ನು ಆರಂಭಿಸಿದರು. ಮೊದಲ ವರ್ಷದ ವಿದ್ಯಾರ್ಥಿಗಳು ಬೆರಳೆಣಿಕೆಯವರು. ಮುಂದೆ ಅದು ಕಾಲೇಜಾಗಿ ಸೈದಾಪೇಟೆಯ ಬಳಿ, ಅಡಯಾರು ಹೊಳೆಯ ದಂಡೆಯ ವಿಶಾಲವಾದ ಬಯಲಿಗೆ ಬಂದಿತು. ಆ ಕಾಲದಲ್ಲಿ ಬಳ್ಳಾರಿ ಮತ್ತು ದಕ್ಷಿಣ ಕನ್ನಡ ಜಿಲ್ಲೆಗಳು ಮದರಾಸು ಇಲಾಖೆಯಲ್ಲಿದ್ದವು ಎಂಬುದನ್ನು ಇಲ್ಲಿ ನೆನೆಯಬೇಕು. ಮಂಗಳೂರಿನ ಪದವೀಧರನು ಎಲ್.ಟಿ. ಪರೀಕ್ಷೆಗೆ ಓದಬೇಕಾದರೆ ಹೋಗುತ್ತಿದ್ದುದು ಇದೇ ಸೈದಾಪೇಟೆಯ ಟೀಚರ್ಸ್ ಕಾಲೇಜಿಗೆ. ಸರ್ವಪಲ್ಲಿ ರಾಧಾಕೃಷ್ಣನ್ ಅವರೂ 1910ರಲ್ಲಿ ತರಬೇತಿಗಾಗಿ ಅಲ್ಲಿದ್ದರು. ಹೀಗೆ ಪುಸ್ತಕದ ಮಾಸ್ತರರನ್ನು ತಯಾರಿಸುವ ಕಾಲೇಜೂ ಮೈದಾನದ ಮಾಸ್ತರರನ್ನು ತಯಾರಿಸುವ ಕಾಲೇಜೂ ಕೂಗಳತೆಯಲ್ಲಿ ಬಂದು ನಿಂತವು.

ಬಕ್ ಅವರ ಮುಖ್ಯ ಕಾಣಿಕೆ ಕವಾಯತಿನ ಸ್ಥಾನದಲ್ಲಿ ಆಟವನ್ನು ಇಟ್ಟುದು. ಆಟಗಳ ನಿಯಮಗಳನ್ನು ಒಂದೆಡೆ ಸೇರಿಸಿ ಅವರು ಪ್ರಕಟಿಸಿದ ಪುಸ್ತಕ ಹಲವು ಮುದ್ರಣಗಳನ್ನು ಕಂಡಿತು. 1924ರ ಪ್ಯಾರಿಸ್ ಒಲಿಂಪಿಕ್ ಕೂಟಕ್ಕೆ ಹೋದ ಭಾರತ ತಂಡದ ವ್ಯವಸ್ಥಾಪಕರೂ ಅವರೇ. ಆದರೆ ಪದಕದ ಆಟಗಾರನಿಗಿಂತ ಹಳ್ಳಿಯ ಶಾಲೆಯ ಮೂವತ್ತು ಮಕ್ಕಳನ್ನು ಒಟ್ಟಿಗೆ ಆಡಿಸಬಲ್ಲ ಶಿಕ್ಷಕನೇ ಆ ಕಾಲೇಜಿಗೆ ಬೇಕಾಗಿದ್ದವನು. ಆಟದಲ್ಲಿ ಪ್ರಶಿಕ್ಷಣಾರ್ಥಿಗೆ ಜೊತೆ ಸಿಗುತ್ತದೆ. ನಾಳೆಯೂ ಬರುವುದಾಗಿ ಅವನು ಯಾರಿಗೋ ಮಾತು ಕೊಟ್ಟಿರುತ್ತಾನೆ. ಕವಾಯತಿನಲ್ಲಿ ಪಕ್ಕದವನು ಸಾಲಿನ ಒಂದು ಅಂಕಿ, ವಾಲಿಬಾಲಿನಲ್ಲಿ ಅವನಿಲ್ಲದೆ ಆಟವೇ ಇಲ್ಲ. ಬಕ್ 1943ರಲ್ಲಿ ತೀರಿಕೊಳ್ಳುವ ಹೊತ್ತಿಗೆ ದಕ್ಷಿಣ ಭಾರತದ ಶಾಲೆಗಳ ಬಯಲುಗಳಲ್ಲಿ ಈ ಬದಲಾವಣೆ ಕಾಣುತ್ತಿತ್ತು. 1931ರಲ್ಲಿ ಹೈದರಾಬಾದಿನಲ್ಲಿಯೂ ಸರಕಾರಿ ದೈಹಿಕ ಶಿಕ್ಷಣ ಕಾಲೇಜು ಆರಂಭವಾದುದರಿಂದ ನಿಜಾಮರ ಆಳ್ವಿಕೆಗೆ ಒಳಪಟ್ಟಿದ್ದ ಕಲಬುರ್ಗಿ, ರಾಯಚೂರು, ಬೀದರ ಸೀಮೆಗೂ ಇಂಥ ತರಬೇತಿಯ ಬಾಗಿಲು ತೆರೆಯಿತು.

ಮುಂಬಯಿ ಕರ್ನಾಟಕದ ಕಥೆ ಬೇರೆ. ಇಲ್ಲಿ ವ್ಯಾಯಾಮಕ್ಕೆ ಬಂದ ಕಸುವು ಕಾಲೇಜಿನಿಂದ ಬಂದುದಲ್ಲ, ಚಳವಳಿಯಿಂದ. 1923ರ ನಾಗಪುರ ಧ್ವಜ ಸತ್ಯಾಗ್ರಹದಲ್ಲಿ ಹುಬ್ಬಳ್ಳಿಯ ಸ್ವಯಂಸೇವಕರು ಕ್ಷಮೆ ಕೇಳದೆ ಸೆರೆವಾಸವನ್ನು ಪೂರೈಸಿ ಬಂದರು. ಅದೇ ವರ್ಷದ ಕಾಕಿನಾಡ ಕಾಂಗ್ರೆಸ್ಸಿನಲ್ಲಿ ಡಾ. ನಾ. ಸು. ಹರ್ಡೀಕರ ಅವರ ನೇತೃತ್ವದಲ್ಲಿ ಹಿಂದುಸ್ತಾನೀ ಸೇವಾದಳ ರೂಪುಗೊಂಡಿತು. ಅದರ ಕೇಂದ್ರ ಕಚೇರಿ ಹುಬ್ಬಳ್ಳಿಯಲ್ಲಿತ್ತು. ದಳದ ಶಿಬಿರಗಳಲ್ಲಿ ತಯಾರಾದ ಶಿಕ್ಷಕರು ಬೇರೆ ಪ್ರಾಂತಗಳಿಗೂ ಹೋದರು. ಕವಾಯತು ಅದೇ, ಸಾಲು ಅದೇ. ಆದರೆ ಆಜ್ಞೆ ಕೊಡುವವನು ತಮ್ಮವನು, ಧ್ವಜ ತಮ್ಮದು. ಒಂದೇ ಅಂಗಚಲನೆ ಪ್ರೇರಣೆ ಬದಲಾದಾಗ ಬೇರೆಯೇ ಆಗುತ್ತದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ. 1932ರಲ್ಲಿ ಸರಕಾರ ದಳವನ್ನು ನಿಷೇಧಿಸಿತು. ಸ್ವಾತಂತ್ರ್ಯ ಬಂದ ಮೇಲೆ ಈ ಪ್ರೇರಣೆಯ ಮೊನೆ ಸಹಜವಾಗಿಯೇ ಮೊಂಡಾಯಿತು. ಎದುರಾಳಿ ಇರುವವರೆಗೆ ಇರುವ ಹುರುಪು ಅದು.

ಇಷ್ಟು ಹಿನ್ನೆಲೆಯೊಡನೆ ನಾವು 1937ಕ್ಕೆ ಬರಬಹುದು. ಆ ಒಂದು ವರ್ಷದಲ್ಲಿ, ಇಂದಿನ ಮಹಾರಾಷ್ಟ್ರದ ಮೂರು ಸ್ಥಳಗಳಲ್ಲಿ, ಒಂದರ ಅರಿವು ಇನ್ನೊಂದಕ್ಕೆ ಇತ್ತೋ ಇಲ್ಲವೋ, ನಮ್ಮ ಪ್ರಶ್ನೆಗೆ ಮೂರು ಉತ್ತರಗಳು ಸಿದ್ಧವಾದವು. ಮೂರಕ್ಕೂ ಕನ್ನಡ ಜಿಲ್ಲೆಗಳೊಡನೆ ನೇರ ಸಂಬಂಧವುಂಟು.

ಮೊದಲನೆಯದು ಸರಕಾರದ ಉತ್ತರ. ಆ ವರ್ಷ ಬಾಳಾಸಾಹೇಬ ಖೇರ ಅವರ ಮಂತ್ರಿಮಂಡಲ ಮುಂಬಯಿಯಲ್ಲಿ ಅಧಿಕಾರಕ್ಕೆ ಬಂದು, ದೈಹಿಕ ಶಿಕ್ಷಣದ ಬಗೆಗೆ ಸಮಿತಿಯೊಂದನ್ನು ನೇಮಿಸಿತು. ಅದರ ಅಧ್ಯಕ್ಷರು ಸ್ವಾಮಿ ಕುವಲಯಾನಂದರು. ಪೂರ್ವಾಶ್ರಮದಲ್ಲಿ ಜಗನ್ನಾಥ ಗಣೇಶ ಗುಣೆ ಎಂಬ ಹೆಸರಿನ ಇವರು ಬಡೋದೆಯ ಪ್ರೊಫೆಸರ್ ಮಾಣಿಕರಾವ್ ಅವರ ವ್ಯಾಯಾಮಶಾಲೆಯಲ್ಲಿ ಪಳಗಿದವರು, 1924ರಲ್ಲಿ ಲೋಣಾವಳೆಯಲ್ಲಿ ಕೈವಲ್ಯಧಾಮವನ್ನು ಸ್ಥಾಪಿಸಿ ಯೋಗಾಸನಗಳ ಪರಿಣಾಮವನ್ನು ಪ್ರಯೋಗಶಾಲೆಯಲ್ಲಿ ಪರೀಕ್ಷಿಸಲು ತೊಡಗಿದವರು. ಗರಡಿ, ಯೋಗ, ಶಾಲೆ ಮೂರನ್ನೂ ಬಲ್ಲ ವ್ಯಕ್ತಿಯನ್ನು ಆರಿಸಿದುದು ಖೇರರ ಜಾಣ್ಮೆ. 1938ರಲ್ಲಿ ಮುಂಬಯಿಯ ಹೊರವಲಯದ ಕಾಂದಿವಲಿಯಲ್ಲಿ ದೈಹಿಕ ಶಿಕ್ಷಣದ ಸರಕಾರಿ ತರಬೇತಿ ಸಂಸ್ಥೆ ಆರಂಭವಾಯಿತು. ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರ ಜಿಲ್ಲೆಗಳು 1956ರವರೆಗೂ ಮುಂಬಯಿಗೆ ಸೇರಿದ್ದುದರಿಂದ ಅಲ್ಲಿಯ ಪದವೀಧರರಿಗೂ ಸರಕಾರಿ ತರಬೇತಿಯ ತಾಣ ಅದೇ ಆಯಿತು.

ಕಾಂದಿವಲಿಯ ಉತ್ತರ ಹೀಗಿತ್ತು: ಈ ವಿಷಯಕ್ಕೇ ಮೀಸಲಾದ ಶಿಕ್ಷಕನನ್ನು ತಯಾರಿಸಿ, ಅವನಿಗೆ ಡಿಪ್ಲೊಮಾ ಕೊಟ್ಟು, ಶಾಲೆಯಲ್ಲಿ ಒಂದು ಹುದ್ದೆ ಕಲ್ಪಿಸಿರಿ. ಇದರಿಂದ ಆದ ಪ್ರಯೋಜನವನ್ನು ಅಲ್ಲಗಳೆಯಲಾಗದು. ಹವಾಲ್ದಾರನ ಜಾಗಕ್ಕೆ ಅಂಗರಚನೆಯನ್ನೂ ಮಕ್ಕಳ ಮನಸ್ಸನ್ನೂ ಬಲ್ಲ ಪದವೀಧರ ಬಂದ. ಲೇಝಿಮು, ಹುತುತು, ಖೋಖೋಗಳು ಶಾಲೆಯ ಅಂಗಳದಲ್ಲಿ ಮರ್ಯಾದೆ ಪಡೆದವು. ಆದರೆ ಯಾರೂ ಬಯಸದ ಒಂದು ಪರಿಣಾಮವೂ ಇದರೊಡನೆ ಬಂದಿತೆಂದು ನಮ್ಮ ಅಭಿಪ್ರಾಯ. ಶಾಲೆಗೊಬ್ಬ ವ್ಯಾಯಾಮದ ಮಾಸ್ತರ ಬಂದೊಡನೆ ಉಳಿದ ಮಾಸ್ತರರು ಆ ಹೊಣೆಯಿಂದ ಮುಕ್ತರಾದರು. ಇತಿಹಾಸ ಕಲಿಸಲು ತಯಾರಾಗುವ ಪ್ರಶಿಕ್ಷಣಾರ್ಥಿಗೆ ಬಯಲಿಗಿಳಿಯಲು ಇದ್ದ ಕೊನೆಯ ಕಾರಣವೂ ಹೋಯಿತು. ತಜ್ಞನೊಬ್ಬನ ದೇಹ ಚುರುಕಾಯಿತು, ಹತ್ತು ಜನರ ದೇಹ ಕುರ್ಚಿಗೆ ಒಪ್ಪಿಸಲ್ಪಟ್ಟಿತು.

ಎರಡನೆಯ ಉತ್ತರ ಇದಕ್ಕೆ ಬಹುಮಟ್ಟಿಗೆ ವಿರುದ್ಧ ದಿಕ್ಕಿನದು. 1937ರ ಅಕ್ಟೋಬರದಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ವಾರ್ಧಾದಲ್ಲಿ ಶಿಕ್ಷಣ ಸಮ್ಮೇಳನ ನಡೆಯಿತು, ಡಾ. ಝಾಕಿರ್ ಹುಸೇನ್ ಅವರ ಸಮಿತಿ ಡಿಸೆಂಬರದಲ್ಲಿ ವರದಿ ಒಪ್ಪಿಸಿತು. ಮೂಲ ಶಿಕ್ಷಣವೆಂದು ನಾವು ಕರೆಯುವ ಯೋಜನೆ ಇದು. ವರದಿಯಲ್ಲಿಯ ದಿನಚರಿಯನ್ನು ಗಮನವಿಟ್ಟು ನೋಡಬೇಕು. ಐದೂವರೆ ತಾಸಿನ ಶಾಲೆಯಲ್ಲಿ ಮೂಲ ಕಸುಬಿಗೆ 3 ತಾಸು 20 ನಿಮಿಷ, ಸಂಗೀತ, ಚಿತ್ರಕಲೆ, ಗಣಿತಕ್ಕೆ 40 ನಿಮಿಷ, ಮಾತೃಭಾಷೆಗೆ 40, ಸಮಾಜ ಮತ್ತು ವಿಜ್ಞಾನಕ್ಕೆ 30, ಅಂಗಸಾಧನೆಗೆ 10, ಬಿಡುವಿಗೆ 10. ಅಂಗಸಾಧನೆಗೆ ಕೇವಲ ಹತ್ತು ನಿಮಿಷವೆಂದು ಆಗಿನ ವ್ಯಾಯಾಮಪ್ರಿಯರು ಹುಬ್ಬೇರಿಸಿದ್ದರೆ ಆಶ್ಚರ್ಯವಿಲ್ಲ. ಆದರೆ ಲೆಕ್ಕದ ಮರ್ಮ ಮೊದಲ ಅಂಕಿಯಲ್ಲಿದೆ. ನೂಲುವುದು, ನೇಯುವುದು, ತೋಟ ಅಗೆಯುವುದು, ನೀರು ಹೊರುವುದು ಇವುಗಳಲ್ಲಿ ಕಳೆದ ಮೂರು ತಾಸಿನಲ್ಲಿ ದೇಹ ಸುಮ್ಮನೆ ಇರುವುದಿಲ್ಲ. ವ್ಯಾಯಾಮವನ್ನು ಬೇರೆಯಾಗಿ ಕಾಣುವ ಅಗತ್ಯವೇ ಬೀಳದ ಬದುಕನ್ನು ವರದಿ ಕಲ್ಪಿಸಿಕೊಂಡಿತ್ತು.

ಇದು ಮಕ್ಕಳ ದಿನಚರಿಯಾದರೂ ಇದರ ಭಾರ ಬಿದ್ದುದು ಶಿಕ್ಷಕನಾಗಲು ಬಂದವನ ಮೇಲೆ. ಮೂರು ವರ್ಷದ ದೀರ್ಘ ತರಬೇತಿ, ಒಂದು ವರ್ಷದ ಕಿರು ತರಬೇತಿ ಎಂಬ ಎರಡು ಬಗೆಗಳನ್ನು ವರದಿ ಸೂಚಿಸಿತು. ಎರಡರಲ್ಲಿಯೂ ಕಸುಬು ಕಡ್ಡಾಯ. ಮುಂಬಯಿ ಸರಕಾರ ಈ ಪ್ರಯೋಗಕ್ಕೆ ಆರಿಸಿಕೊಂಡ ಪ್ರದೇಶಗಳಲ್ಲಿ ಧಾರವಾಡವೂ ಒಂದಾಗಿದ್ದುದರಿಂದ ಕನ್ನಡ ಪ್ರಶಿಕ್ಷಣಾರ್ಥಿಗಳಿಗೂ ತಕಲಿ, ಗುದ್ದಲಿ, ಕಸಬರಿಗೆಗಳು ಬಂದವು. ಇಲ್ಲಿಯೇ ಹಳೆಯ ಆಸೆ ಅಡ್ಡ ನಿಂತಿತು. ಯಾವ ಗುದ್ದಲಿಯಿಂದ ಪಾರಾಗಲೆಂದು ಅಪ್ಪ ಸಾಲ ಮಾಡಿ ಮಗನನ್ನು ಮುಲ್ಕಿ ಪರೀಕ್ಷೆಗೆ ಕೂಡಿಸಿದ್ದನೋ ಅದೇ ಗುದ್ದಲಿ ಟ್ರೇನಿಂಗ್ ಕಾಲೇಜಿನ ಬಾಗಿಲಲ್ಲಿ ಕಾದಿತ್ತು. ಕಸಬರಿಗೆಯ ಪ್ರಶ್ನೆ ಇನ್ನೂ ಸೂಕ್ಷ್ಮ. ಸಫಾಯಿ ಎಲ್ಲರ ಕೆಲಸವೆಂದು ಗಾಂಧೀಜಿ ಹೇಳಿದಾಗ ಮೇಲುಜಾತಿಯ ತರುಣನೊಬ್ಬನು ಅದನ್ನು ತ್ಯಾಗವೆಂದು ಕೈಗೆತ್ತಿಕೊಂಡು ಹೆಮ್ಮೆಪಡಬಹುದಾಗಿತ್ತು. ಆ ಕೆಲಸವನ್ನೇ ಹೊರಿಸಿಕೊಂಡು ಬಂದ ಜಾತಿಯ ತರುಣನಿಗೆ ಅದರಲ್ಲಿ ಆಯ್ಕೆಯ ಸುಖ ಎಲ್ಲಿಂದ ಬರಬೇಕು? ದೇಹಶ್ರಮದ ಪ್ರೇರಣೆಯನ್ನು ಅಳೆಯುವ ಇಂದಿನ ಪ್ರಶ್ನಾವಳಿಗಳು ಜಾತಿಯ ಈ ಎಳೆಯನ್ನು ಬಿಟ್ಟುಬಿಡುವುದು ದೊಡ್ಡ ಕೊರತೆಯೆಂದು ನಾವು ಹೇಳಲೇಬೇಕಾಗಿದೆ. ಮುಂದೆ 1964-66ರ ಕೊಠಾರಿ ಆಯೋಗ ಕಾರ್ಯಾನುಭವವೆಂಬ ಹೊಸ ಹೆಸರನ್ನು ಸೂಚಿಸಿತು. ಹೆಸರು ಉಳಿಯಿತು, ಮೂರು ತಾಸು ಇಪ್ಪತ್ತು ನಿಮಿಷ ಉಳಿಯಲಿಲ್ಲ.

ಮೂರನೆಯ ಉತ್ತರ ಯಾವ ಸಮಿತಿಯದೂ ಅಲ್ಲ, ಹದಿನೆಂಟು ವರ್ಷದ ಹುಡುಗನೊಬ್ಬನದು. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರ್ ಅವರ ಬಾಲ್ಯ ಕಾಯಿಲೆಗಳದು: ಮಲೇರಿಯ, ವಿಷಮಶೀತಜ್ವರ, ಕ್ಷಯ. ಒಂಬತ್ತನೆಯ ವಯಸ್ಸಿನಲ್ಲಿ ತಂದೆಯನ್ನು ಕಳೆದುಕೊಂಡು, 1934ರಲ್ಲಿ ಮೈಸೂರಿನಲ್ಲಿದ್ದ ಭಾವ ತಿರುಮಲೈ ಕೃಷ್ಣಮಾಚಾರ್ಯರ ಮನೆ ಸೇರಿದರು. ಕೃಷ್ಣಮಾಚಾರ್ಯರು ಜಗನ್ಮೋಹನ ಅರಮನೆಯ ಯೋಗಶಾಲೆಯನ್ನು ನಡೆಸುತ್ತಿದ್ದ ಕಾಲ ಅದು; ಅವರ 'ಯೋಗ ಮಕರಂದ' ಅದೇ 1934ರಲ್ಲಿ ಕನ್ನಡದಲ್ಲಿ ಪ್ರಕಟವಾಯಿತು. 1936ರಲ್ಲಿ ಗುರುಗಳ ತಂಡ ಉತ್ತರ ಕರ್ನಾಟಕದಲ್ಲಿ ಸಂಚರಿಸಿದಾಗ ಧಾರವಾಡದಲ್ಲಿ ಕೆಲವು ಸ್ತ್ರೀಯರು ಕಲಿಯಲು ಮುಂದೆ ಬಂದರು. ಗುಂಪಿನಲ್ಲಿ ಎಲ್ಲರಿಗಿಂತ ಚಿಕ್ಕವನೆಂಬ ಒಂದೇ ಕಾರಣಕ್ಕೆ ಈ ಹುಡುಗನಿಗೆ ಅವರಿಗೆ ಕಲಿಸುವ ಕೆಲಸ ಬಿದ್ದಿತು. ಬೆಳಗಾವಿಯಲ್ಲಿ ಸಿವಿಲ್ ಸರ್ಜನ್ ಆಗಿದ್ದ ಡಾ. ವಿ.ಬಿ. ಗೋಖಲೆಯವರು ನಿವೃತ್ತರಾಗಿ ಪುಣೆಗೆ ಹೋದ ಮೇಲೆ, ಅವರ ಮಾತಿನಿಂದ 1937ರಲ್ಲಿ ಡೆಕ್ಕನ್ ಜಿಮಖಾನಾ ಇವರನ್ನು ಆರು ತಿಂಗಳ ಕರಾರಿನ ಮೇಲೆ ಕರೆಸಿಕೊಂಡಿತು.

ಪುಣೆಯಲ್ಲಿ ಅವರಿಗೆ ಎದುರಾದುದನ್ನು ಅವರೇ ಮುಂದೆ ಹಲವು ಬಾರಿ ಹೇಳಿಕೊಂಡಿದ್ದಾರೆ. ಶಿಷ್ಯರು ಕಾಲೇಜಿನವರು, ತಮಗಿಂತ ಹಿರಿಯರು, ವ್ಯಾಯಾಮದಲ್ಲಿ ನುರಿತವರು. ಇವರಿಗೆ ಮರಾಠಿ ಬಾರದು, ಇಂಗ್ಲಿಷು ಅಷ್ಟಕ್ಕಷ್ಟೆ, ತಲೆಯ ಮೇಲೆ ಶಿಖೆ. ನಗೆಗೆ ಈಡಾಗಲು ಇನ್ನೇನು ಬೇಕು? ಭಾವನವರಿಂದ ಕಲಿತುದೂ ಸ್ವಲ್ಪ. ತರಗತಿಯಲ್ಲಿ ಸೋಲಬಾರದೆಂದು ಅವರು ಕೋಣೆಯಲ್ಲಿ ದಿನದ ಬಹುಭಾಗ ಅಭ್ಯಾಸಕ್ಕೆ ನಿಂತರು. ನಾಳೆ ತೋರಿಸಬೇಕಾದ ಆಸನವನ್ನು ಇಂದು ತಮ್ಮ ಮೈಯಲ್ಲಿ ಕಂಡುಕೊಳ್ಳಬೇಕಾಗಿತ್ತು. ಕೇಳಲು ಗುರುಗಳು ಹತ್ತಿರವಿರಲಿಲ್ಲ, ಹಿಂದಿರುಗಿ ಹೋಗುವ ಮನಸ್ಸೂ ಇರಲಿಲ್ಲ. ಆರು ತಿಂಗಳ ಕರಾರು ಮೂರು ವರ್ಷಕ್ಕೆ ಬೆಳೆಯಿತು. ಪುಣೆ ಅವರ ಊರಾಯಿತು. 2014ರಲ್ಲಿ ತಮ್ಮ 95ನೆಯ ವಯಸ್ಸಿನಲ್ಲಿ ಅಲ್ಲಿಯೇ ತೀರಿಕೊಂಡರು. ಅಭ್ಯಾಸ ಬಹುತೇಕ ಕೊನೆಯವರೆಗೂ ನಡೆದಿತ್ತು.

ಇಂಥ ಅಸಾಧಾರಣ ವ್ಯಕ್ತಿಯನ್ನು ಸಾಮಾನ್ಯ ಪ್ರಶಿಕ್ಷಣಾರ್ಥಿಯ ಪಕ್ಕದಲ್ಲಿ ನಿಲ್ಲಿಸುವುದು ಸರಿಯೇ ಎಂದು ಓದುಗರು ಕೇಳಬಹುದು. 1937ರ ಆ ಹುಡುಗ ಅಸಾಧಾರಣನೆಂದು ಆಗ ಯಾರಿಗೂ ಗೊತ್ತಿರಲಿಲ್ಲ. ಆಗ ಅವನು ಪರಊರಿನಲ್ಲಿ ತಾತ್ಪೂರ್ತಿಕ ಕೆಲಸ ಹಿಡಿದ, ಕಲಿಯುತ್ತ ಕಲಿಸಬೇಕಾಗಿದ್ದ ಬಡ ಶಿಕ್ಷಕ. ಆರೋಗ್ಯಕ್ಕಾಗಿ ವ್ಯಾಯಾಮ ಮಾಡಿರೆಂಬ ಉಪದೇಶ ಅವನನ್ನು ದಿನವಿಡೀ ನಿಲ್ಲಿಸಲಿಲ್ಲ. ನಾಳೆ ಬೆಳಿಗ್ಗೆ ಇಪ್ಪತ್ತು ಜೊತೆ ಕಣ್ಣು ತನ್ನ ಮೇಲಿರುತ್ತವೆಂಬ ಎಚ್ಚರ ನಿಲ್ಲಿಸಿತು. ಶಿಷ್ಯರ ಎದುರಿನ ಈ ಹೊಣೆ ಶಿಕ್ಷಕ ವೃತ್ತಿಗೇ ವಿಶಿಷ್ಟವಾದ ಪ್ರೇರಣೆ. ಗುಮಾಸ್ತನಿಗೂ ವಕೀಲನಿಗೂ ಇದು ಇಲ್ಲ. ಕಾಂದಿವಲಿಯ ಪದ್ಧತಿ ಅದನ್ನು ಒಬ್ಬ ತಜ್ಞನಿಗೆ ಮಾತ್ರ ಕೊಟ್ಟಿತು. ವಾರ್ಧಾದ ಪದ್ಧತಿ ಎಲ್ಲರಿಗೂ ಕೊಡಲು ಹೊರಟು, ಒಲವಿಗೆ ಕಾಯದೆ ಆದೇಶಕ್ಕೆ ಒಪ್ಪಿಸಿತು.

ಸ್ವಾತಂತ್ರ್ಯೋತ್ತರ ಬೆಳವಣಿಗೆಗಳ ವಿಸ್ತಾರಕ್ಕೆ ಇಲ್ಲಿ ಹೋಗುವುದಿಲ್ಲ. 1957ರಲ್ಲಿ ಗ್ವಾಲಿಯರಿನಲ್ಲಿ ಲಕ್ಷ್ಮೀಬಾಯಿ ಕಾಲೇಜು ಮೂರು ವರ್ಷದ ಪದವಿಯೊಡನೆ ಆರಂಭವಾದಾಗ ಕಾಂದಿವಲಿಯ ಪ್ರಾಚಾರ್ಯರಾಗಿದ್ದ ಪಿ.ಎಂ. ಜೋಸೆಫ್ ಅವರೇ ಅದರ ಮೊದಲ ಪ್ರಾಚಾರ್ಯರಾದರು. ತಜ್ಞನ ಮಾರ್ಗವೇ ರಾಷ್ಟ್ರದ ಮಾರ್ಗವಾಯಿತು. 2014ರಲ್ಲಿ ರಾಷ್ಟ್ರೀಯ ಅಧ್ಯಾಪಕ ಶಿಕ್ಷಣ ಪರಿಷತ್ತು ಬಿ.ಎಡ್. ಅವಧಿಯನ್ನು ಎರಡು ವರ್ಷಕ್ಕೆ ಏರಿಸಿದಾಗ ಆರೋಗ್ಯ, ದೈಹಿಕ ಶಿಕ್ಷಣ ಮತ್ತು ಯೋಗಕ್ಕೆ ಎಲ್ಲ ಪ್ರಶಿಕ್ಷಣಾರ್ಥಿಗಳ ಪಾಠಕ್ರಮದಲ್ಲಿ ಸ್ಥಾನ ಕೊಟ್ಟಿತು. ಉದ್ದೇಶ ಒಳ್ಳೆಯದೇ. ಆದರೆ ಅಂಕಗಳ ಪಟ್ಟಿಗೆ ಸೇರಿದ ಆಸನವೂ ಹವಾಲ್ದಾರನ ಕವಾಯತಿನಂತೆ ಫಲಿತಾಂಶದ ದಿನ ಮುಗಿದುಹೋಗುವ ಭಯ ನಮಗಿದೆ. ಏಕೋಪಾಧ್ಯಾಯ ಶಾಲೆಗೆ ಹೋಗಿ ನಾಲ್ಕು ತರಗತಿಗಳನ್ನು ಒಟ್ಟಿಗೆ ನೋಡಿಕೊಳ್ಳಬೇಕಾದವನಿಗೆ ಅಂಗಳದಲ್ಲಿ ಜೊತೆ ಯಾರು?

ಹೊರನಾಡಿನ ಸಂಶೋಧಕರು ಇಲ್ಲಿ ಮಾಡಬಹುದಾದ ಕೆಲಸ ಸಾಕಷ್ಟಿದೆ. ಮುಂಬಯಿ ಮಹಾನಗರಪಾಲಿಕೆಯ ಕನ್ನಡ ಶಾಲೆಗಳಲ್ಲಿ, ಪುಣೆ, ಸೊಲ್ಲಾಪುರ, ಹೈದರಾಬಾದುಗಳ ಕನ್ನಡ ಶಾಲೆಗಳಲ್ಲಿ ಕಲಿಸಿ ನಿವೃತ್ತರಾದ ಹಿರಿಯರು ನಮ್ಮ ನಡುವೆ ಇನ್ನೂ ಇದ್ದಾರೆ. ತರಬೇತಿಯಲ್ಲಿ ಯಾವ ವ್ಯಾಯಾಮ ಮಾಡಿದಿರಿ ಎಂದು ಅವರನ್ನು ಕೇಳಿದರೆ ಪಾಠಕ್ರಮದಲ್ಲಿದ್ದ ಹೆಸರುಗಳನ್ನೇ ಹೇಳುತ್ತಾರೆ. ಅದರ ಬದಲು, ಆಟವನ್ನು ಯಾವ ವರ್ಷ ಬಿಟ್ಟಿರಿ, ಬಿಡುವಾಗ ಯಾವ ಊರಿನಲ್ಲಿದ್ದಿರಿ, ಅದಕ್ಕೆ ಮೊದಲು ಸಂಜೆ ನಿಮ್ಮನ್ನು ಕರೆಯಲು ಬರುತ್ತಿದ್ದವರು ಯಾರು ಎಂದು ಕೇಳಬೇಕು. ಶಿಕ್ಷಕಿಯರಿಗಾದರೆ ಇನ್ನೊಂದು ಪ್ರಶ್ನೆ ಸೇರಿಸಬೇಕು: ಮದುವೆಯಾದ ಮೇಲೆ ಶಾಲೆಯ ಅಂಗಳದಲ್ಲಿ ಮಕ್ಕಳೊಡನೆ ಓಡಿದುದುಂಟೇ, ಆಗ ನೋಡುತ್ತಿದ್ದವರು ಏನೆಂದರು? ಉತ್ತರಗಳನ್ನು ಊರು, ವರ್ಷಗಳ ಸಹಿತ ಬರೆದುಕೊಂಡು ಕಳಿಸಿದವರಿಗೆ ಈ ಪತ್ರಿಕೆಯ ಮುಂದಿನ ಸಂಚಿಕೆಗಳಲ್ಲಿ ಸ್ಥಳವುಂಟು.